ಮಾರ್ಖಾ ಕಣಿವೆಗೆ ಹೊರಟವರೇ, ಮಧ್ಯಾಹ್ನದ ಮೇಲೆ ಹೊಳೆಗೆ ಇಳಿಯಬೇಡಿ

ನಮ್ಮ ಕಡೆ ಹಳ್ಳ ಏರುವುದು ಮಳೆಗೆ, ಲಡಾಖ್‌ನಲ್ಲಿ ಬಿಸಿಲಿಗೆ. ಕುಮಾರಪರ್ವತ, ಕುದುರೆಮುಖ ಹತ್ತಿ ಪಳಗಿದವರೂ ಮಾರ್ಖಾ ಕಣಿವೆಯಲ್ಲಿ ಎಡವುವುದು ಇಲ್ಲೇ. ಆಕಾಶದಲ್ಲಿ ಮೋಡದ ಚೂರೂ ಇಲ್ಲ, ಇನ್ನೇನು ಭಯ ಅಂದುಕೊಳ್ಳುತ್ತಾರೆ.

ಆಗಸ್ಟ್‌ನಲ್ಲಿ ಹೋದ ಆರು ಜನರ ತಂಡವೊಂದಕ್ಕೆ ಆದದ್ದು ಕೇಳಿ. ಮಾರ್ಖಾ ಹಳ್ಳಿಯಿಂದ ಹಂಕರ್‌ಗೆ ನಾಲ್ಕೈದು ಗಂಟೆಯ ನಡಿಗೆ ಅಷ್ಟೇ, ಅವಸರ ಬೇಡ ಅಂದ ಏಜೆಂಟ್ ಕಡೆಯ ಹುಡುಗ. ಹೊರಟಾಗ ಹತ್ತೂವರೆ. ಹೊಳೆ ದಾಟುವ ಜಾಗ ಮುಟ್ಟುವಷ್ಟರಲ್ಲಿ ಎರಡು ಗಂಟೆ. ಬೆಳಿಗ್ಗೆ ಮೊಣಕಾಲಿನ ಕೆಳಗಿದ್ದ ನೀರು ಆಗ ತೊಡೆಮಟ್ಟಕ್ಕೆ ಬಂದಿತ್ತು. ಒಬ್ಬರು ಶೂ ಒದ್ದೆಯಾಗಬಾರದೆಂದು ಬರಿಗಾಲಲ್ಲಿ ಇಳಿದರು, ಬ್ಯಾಗಿನ ಸೊಂಟದ ಬಕಲ್ ಹಾಕಿಕೊಂಡೇ. ನಡುನೀರಿನಲ್ಲಿ ಕಲ್ಲು ಜಾರಿತು. ಬೆನ್ನಿನ ಬ್ಯಾಗ್ ಮೇಲಿದ್ದು ಮುಖ ನೀರೊಳಗೆ. ಇಬ್ಬರು ಹಾರಿ ಎಳೆಯದಿದ್ದರೆ ಉಳಿಯುತ್ತಿರಲಿಲ್ಲ. ಸ್ಲೀಪಿಂಗ್ ಬ್ಯಾಗ್, ಜಾಕೆಟ್ ಎಲ್ಲ ತೊಯ್ದು, ಸುಮಾರು 4,000 ಮೀಟರ್ ಎತ್ತರದಲ್ಲಿ ಹೋಂಸ್ಟೇಯವರ ಕಂಬಳಿಯಲ್ಲಿ ರಾತ್ರಿ ಕಳೆದು, ಟ್ರೆಕ್ ಅಲ್ಲಿಗೇ ಮುಗಿಯಿತು.

ಕಾಂಗ್ ಯಾಟ್ಸೆಯಂಥ 6,000 ಮೀಟರ್ ದಾಟಿದ ಶಿಖರಗಳ ಹಿಮ ಹಗಲು ಕರಗುತ್ತದೆ. ಆ ನೀರು ಕೆಳಗಿಳಿಯಲು ಗಂಟೆಗಟ್ಟಲೆ ಬೇಕು. ಹಾಗಾಗಿ ಹೊಳೆ ತೀರಾ ಕಡಿಮೆ ಇರುವುದು ಬೆಳಗಿನ ಜಾವದಿಂದ ಎಂಟು ಒಂಬತ್ತರವರೆಗೆ. ಮಧ್ಯಾಹ್ನದಿಂದ ಏರುತ್ತಲೇ ಹೋಗುತ್ತದೆ, ಕೆಳಗಿನ ಊರುಗಳಲ್ಲಿ ಸಂಜೆಗೂ ಇಳಿದಿರುವುದಿಲ್ಲ. ಸ್ವಲ್ಪ ಕಾದರೆ ಕಡಿಮೆಯಾಗುತ್ತೆ ಅನ್ನುವ ಲೆಕ್ಕ ಅದಕ್ಕೇ ತಪ್ಪುತ್ತದೆ. ತಡವಾದರೆ ಈಚೆ ದಡದಲ್ಲೇ ಮಲಗಿ, ಬೆಳಿಗ್ಗೆ ದಾಟಿ.

ಇಳಿಯುವ ಮುನ್ನ ದಡದಲ್ಲಿ ಎರಡು ನಿಮಿಷ ಕಿವಿಗೊಡಿ. ತಳದಲ್ಲಿ ಕಲ್ಲುಗಳು ಉರುಳಿ ಡಬಡಬ ಸದ್ದು ಬರುತ್ತಿದ್ದರೆ ಮಾತೇ ಇಲ್ಲ, ಹಿಂದೆ ಸರಿಯಿರಿ. ನೀರು ಬೂದಿ ಕಲಸಿದಂತಿದ್ದರೆ ತಳ ಕಾಣುವುದಿಲ್ಲ, ಆಳವನ್ನು ಕೋಲಿನಿಂದಲೇ ನೋಡಬೇಕು. ರಭಸದ ನೀರು ಮೊಣಕಾಲು ದಾಟಿತೋ, ಅಲ್ಲಿ ಬೇಡ. ಕಿರಿದಾದ ಜಾಗ ಹತ್ತಿರದ ದಾರಿಯಂತೆ ಕಾಣುತ್ತದೆ, ಆದರೆ ಆಳವೂ ಸೆಳೆತವೂ ಅಲ್ಲೇ ಹೆಚ್ಚು. ಹೊಳೆ ಅಗಲವಾಗಿ ಮೂರ್ನಾಲ್ಕು ಕವಲಾಗಿ ಹರಿಯುವ ಕಡೆ ಹುಡುಕಿ.

ಸೊಂಟದ್ದೂ ಎದೆಯದೂ ಬಕಲ್ ಬಿಚ್ಚಿ, ಬಿದ್ದರೆ ಬ್ಯಾಗ್ ಕಳಚಿಕೊಳ್ಳುವಂತಿರಲಿ. ಬ್ಯಾಗಿನ ರೇನ್ ಕವರ್ ತೆಗೆದುಬಿಡಿ. ಇದನ್ನು ಯಾರೂ ಹೇಳುವುದಿಲ್ಲ: ಬಿದ್ದಾಗ ಆ ಕವರ್‌ನೊಳಗೆ ನೀರು ತುಂಬಿ ನಿಮ್ಮನ್ನು ಎಳೆದೊಯ್ಯುತ್ತದೆ. ಬಟ್ಟೆ ಒಣಗಿರಬೇಕೆಂದರೆ ಬ್ಯಾಗಿನ ಒಳಗೇ ಎರಡು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ. ಕಾಲಿಗೆ ಹಿಮ್ಮಡಿ ಪಟ್ಟಿ ಇರುವ ಸ್ಯಾಂಡಲ್ ಬೇಕೇ ಬೇಕು. ಆ ತಣ್ಣೀರಿನಲ್ಲಿ ಪಾದ ಬೇಗ ಮರಗಟ್ಟುತ್ತದೆ, ಬರಿಗಾಲಿಗೆ ಕಲ್ಲಿನ ಸ್ಪರ್ಶವೇ ತಿಳಿಯುವುದಿಲ್ಲ. ಮುಖ ನೀರು ಹರಿದು ಬರುವ ಕಡೆ, ಕೋಲು ಮುಂದೆ ಊರಿ, ಏಡಿಯಂತೆ ಪಕ್ಕಕ್ಕೆ ಸರಿಯಿರಿ. ಎರಡೂ ಕಾಲು ಒಟ್ಟಿಗೆ ಎತ್ತಿಟ್ಟಂತೆ ಆಗಬಾರದು. ಹಗ್ಗವನ್ನು ಮೈಗೆ ಕಟ್ಟಿಕೊಳ್ಳಲೇಬೇಡಿ, ಬಿದ್ದವರನ್ನು ಅದು ನೀರೊಳಗೇ ಹಿಡಿದಿಡುತ್ತದೆ.

ಮಳೆನೆರಳಿನ ಸೀಮೆ ಅಂತ ಮಳೆಯನ್ನು ಮರೆಯುವುದೂ ತರವಲ್ಲ. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತ ಒಂದೇ ರಾತ್ರಿಯ ಮೇಘಸ್ಫೋಟಕ್ಕೆ ನೂರಾರು ಜನ ಸತ್ತರು. ಕೊಂಗ್ಮಾರು ಲಾ ಎಂಬ ಕಣಿವೆದಾರಿ (ಪಾಸ್) ಇಳಿದ ಮೇಲಿನ ಇಕ್ಕಟ್ಟಾದ ಕಮರಿಯಲ್ಲಿ ಮೋಡ ಕಟ್ಟಿದರೆ ನೀರಿನ ಪಕ್ಕ ಊಟಕ್ಕೆ ಕೂರಬೇಡಿ.

ಕರ್ನಾಟಕದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಇದ್ದರೂ ಕಣಿವೆಯೊಳಗೆ ಸಿಗ್ನಲ್ ನೆಚ್ಚುವಂತಿಲ್ಲ. ಹಾಗೆಂದು ಅನುಮತಿಯಿಲ್ಲದ ಸ್ಯಾಟಲೈಟ್ ಫೋನ್ ಒಯ್ದರೆ ಕೇಸು ಬೀಳುತ್ತದೆ.

ಸೇತುವೆ ಆಗಿದೆ ಅಂತ ಏಜೆಂಟ್ ಹೇಳಬಹುದು. ಹೋದ ವರ್ಷದ ಸೇತುವೆ ಈ ವರ್ಷ ಕೊಚ್ಚಿಹೋಗಿರಬಹುದು. ಹಿಂದಿನ ರಾತ್ರಿ ಉಳಿದ ಮನೆಯ ಅಮಾ-ಲೇ (ಮನೆಯೊಡತಿ) ಹತ್ತಿರ ಕೇಳಿ: ನಾಳೆ ಎಷ್ಟು ಕಡೆ ನೀರಿಗಿಳಿಯಬೇಕು, ಎಷ್ಟು ಹೊತ್ತಿಗೆ ಹೊರಡಬೇಕು. ಐದಕ್ಕೆ ಅಂದರೆ ಐದಕ್ಕೇ ಹೊರಡಿ, ತಿಂಡಿ ಕಟ್ಟಿಸಿಕೊಂಡು.