ಮಾದರಿ ರೈಲಿನ ಟೆಂಡರ್‌ಗೆ ಕಂಚಿನ ತಂತಿಯ ಪಿಕಪ್: ಎರಡು ವರ್ಷ ಓಡಿಸಿದ ಮೇಲೆ

ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ಮಾದರಿ ರೈಲಿನ ಇಂಜಿನ್ ಗಕ್ಕನೆ ನಿಲ್ಲುವುದು, ಬೆರಳಲ್ಲಿ ತಳ್ಳಿದರೆ ಮತ್ತೆ ಹೊರಡುವುದು. ಇಂಜಿನ್ ಹಿಂದಿನ ಕಲ್ಲಿದ್ದಲು ಗಾಡಿಯಾದ ಟೆಂಡರ್‌ಗೂ ಪಿಕಪ್, ಅಂದರೆ ಚಕ್ರದಿಂದ ಕರೆಂಟ್ ಎತ್ತುವ ತಂತಿ, ಹಾಕಿ ಈ ಗೋಳು ಮುಗಿದು ಎರಡು ವರ್ಷವಾಯಿತು. ಮಾದರಿ ಓಓ ಅಳತೆಯದು (ನಿಜದ 76ನೇ ಒಂದು ಪಾಲು), ಬ್ರಿಟನ್ನಿನ ಎಲ್‌ಎಂಎಸ್ ರೈಲು ಕಂಪನಿಯ 4ಎಫ್, 0-6-0 (ಆರೂ ಎಳೆಯುವ ಚಕ್ರಗಳೇ). ಇಂಜಿನ್‌ನ ಆರು ಚಕ್ರಗಳಲ್ಲಿ ಹಿಂದಿನ ಜೋಡಿಗೆ ರಬ್ಬರ್ ಟೈರ್. ಎಳೆಯಲು ಅದು ಒಳ್ಳೆಯದೇ, ಆದರೆ ರಬ್ಬರ್ ಹಾಕಿದ ಚಕ್ರ ಹಳಿಯಿಂದ ಕರೆಂಟ್ ಎತ್ತುವುದಿಲ್ಲ. ಹಾಗಾಗಿ ಒಂದೊಂದು ಬದಿಗೆ ಉಳಿಯುವುದು ಎರಡೇ ಚಕ್ರ, ಅವುಗಳ ನಡುವೆ 32 ಮಿ.ಮೀ. ಒಂದು ಚಕ್ರ ಪ್ಲಾಸ್ಟಿಕ್ ಫ್ರಾಗ್ (ಪಾಯಿಂಟ್‌ನಲ್ಲಿ ಹಳಿಗಳು ಒಂದನ್ನೊಂದು ದಾಟುವ ತುಂಡು) ಮೇಲಿದ್ದಾಗ ಇನ್ನೊಂದರ ಕೆಳಗೆ ಧೂಳಿದ್ದರೆ ಕಥೆ ಮುಗಿಯಿತು. ಹಿಂದೆ ಬರುವ ಟೆಂಡರ್‌ನ ಆರು ಚಕ್ರ ಮಾತ್ರ ಏನೂ ಕೆಲಸವಿಲ್ಲದೆ ಉರುಳುತ್ತಿರುತ್ತವೆ. ಅವನ್ನೂ ಸೇರಿಸಿಕೊಂಡರೆ ಬದಿಗೆ ಐದು ಚಕ್ರ, ಮೊದಲ ಚಕ್ರದಿಂದ ಕೊನೆಯದಕ್ಕೆ 150 ಮಿ.ಮೀ.ಗೂ ಹೆಚ್ಚು ಹರವು. ಈಗ ನಡಿಗೆಗಿಂತ ನಿಧಾನವಾಗಿ ಯಾರ್ಡ್‌ನೊಳಗೆ ತೆವಳುತ್ತಾ ಹೋಗುತ್ತದೆ, ನೋಡುತ್ತಾ ಕೂರಬಹುದು.

ಸಾಮಾನು ಹೆಚ್ಚಿಲ್ಲ. 0.3 ಮಿ.ಮೀ. ಪಾಸ್ಫರ್ ಬ್ರಾಂಜ್ (ಒಂದು ಬಗೆಯ ಕಂಚು) ತಂತಿ, ಒಂದು ತುಂಡು ಕಾಪರ್ ಕ್ಲ್ಯಾಡ್ ಬೋರ್ಡ್ (ತಾಮ್ರದ ಪದರವಿರುವ ಹಲಗೆ), ಅರಾಲ್ಡೈಟ್ ಅಂಟು, ಡಿಕೋಡರ್‌ಗೆ (ಇಂಜಿನ್ ಒಳಗಿನ ನಿಯಂತ್ರಣ ಚಿಪ್) ಬಳಸುವ ಮೆತ್ತಗಿನ ವೈರ್. ತಂತಿ ಬಿಟ್ಟರೆ ಉಳಿದದ್ದು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅಗ್ಗಕ್ಕೇ ಸಿಗುತ್ತದೆ. ಪೊಟ್ಟಣದ ಮೇಲೆ ‘ಪಾಸ್ಫರ್ ಬ್ರಾಂಜ್’ ಎಂದು ಕಂಡಿತೆಂದು ಗಿಟಾರ್ ತಂತಿ ತರಬೇಡಿ. ಅದರ ಒಳಗಿನ ಎಳೆ ಉಕ್ಕು, ಕಂಚು ಬರೀ ಮೇಲಿನ ಸುತ್ತು. ಟೆಂಡರ್ ಚಕ್ರಗಳು ಪ್ಲಾಸ್ಟಿಕ್‌ನವಾಗಿದ್ದರೆ ಮೊದಲು 17 ಮಿ.ಮೀ. ಲೋಹದ ಚಕ್ರಗಳಿಗೆ ಬದಲಾಯಿಸಬೇಕು.

ಬೋರ್ಡನ್ನು 5 ಮಿ.ಮೀ. ಅಗಲಕ್ಕೆ ಕತ್ತರಿಸಿ, ತಾಮ್ರದ ನಡುವೆ ಉದ್ದಕ್ಕೂ ಒಂದು ಗೀರು ಹಾಕಿ ಎರಡು ಭಾಗ ಮಾಡಿ. ಒಂದಕ್ಕೊಂದು ತಾಗುತ್ತಿಲ್ಲ ಎಂದು ಮಲ್ಟಿಮೀಟರ್ ಹೇಳಿದ ಮೇಲೆಯೇ ಟೆಂಡರ್ ಹೊಟ್ಟೆಯಡಿ ಅಂಟಿಸುವುದು. ಬೆಸುಗೆಯನ್ನು ಆದಷ್ಟು ಅಂಟಿಸುವ ಮೊದಲೇ ಮುಗಿಸಿಕೊಳ್ಳಿ, ಇಲ್ಲವಾದರೆ ಪ್ಲಾಸ್ಟಿಕ್ ಫ್ರೇಮ್ ಕರಗುತ್ತದೆ. ಬೆಸೆಯಬೇಕಾದ್ದು ಚಕ್ರಕ್ಕೊಂದರಂತೆ ಆರು ತಂತಿ, ತಾಮ್ರದ ಒಂದೊಂದು ಭಾಗಕ್ಕೆ ಆ ಬದಿಯ ಮೂರು, ಒಂದೊಂದೂ 25ರಿಂದ 30 ಮಿ.ಮೀ. ಗಿಡ್ಡ ಮಾಡಿದರೆ ತಂತಿ ಬಿರುಸಾಗಿ ಬ್ರೇಕ್‌ನಂತೆ ಹಿಡಿಯುತ್ತದೆ. ತಂತಿ ತಾಗಬೇಕಾದ್ದು ಚಕ್ರದ ಬೆನ್ನಿನ (ಒಳಮುಖದ) ಲೋಹದ ಅಂಚಿಗೆ, ನಡುವಿನ ಪ್ಲಾಸ್ಟಿಕ್ ಕಡ್ಡಿಗಳಿಗಲ್ಲ. ಕತ್ತರಿಸಿದ ಚೂಪು ತುದಿಯ ಬದಲು ಬಾಗಿಸಿದ ನುಣುಪು ಭಾಗವೇ ತಾಗಲಿ. ಹಳಿಯ ಮೇಲೆ ಓಡುವ ಮೈಗೆ ತಾಗಿಸುವವರೂ ಇದ್ದಾರೆ. ಅಲ್ಲಿ ಕೊಳೆ ಬೇಗ ಕೂರುತ್ತದೆ, ಬೆನ್ನೇ ವಾಸಿ.

ಒತ್ತಡ ಎಷ್ಟು ಎಂಬುದರಲ್ಲೇ ಎಲ್ಲ ಇದೆ. ಚಕ್ರ ತೆಗೆದಾಗ ತಂತಿಯ ತುದಿ ತನ್ನಷ್ಟಕ್ಕೆ 1ರಿಂದ 2 ಮಿ.ಮೀ. ಹೊರಕ್ಕೆ ಚಾಚಿಕೊಂಡರೆ ಸಾಕು. ತಿರುವಿನಲ್ಲಿ ಅಚ್ಚು ಪಕ್ಕಕ್ಕೆ ಸರಿದಾಗಲೂ ಆಗ ಸಂಪರ್ಕ ತಪ್ಪುವುದಿಲ್ಲ. ಪರೀಕ್ಷೆ ಸುಲಭ: ಟೆಂಡರನ್ನು ಗಾಜಿನ ಮೇಲಿಟ್ಟು ಮೆಲ್ಲಗೆ ಎಳೆಯಿರಿ. ಆರೂ ಚಕ್ರ ತಿರುಗಬೇಕು. ಒಂದು ಜಾರಿದರೂ ಅದರ ತಂತಿ ಸಡಿಲಿಸಿ, ಆಮೇಲೆ ಬೇಕಿದ್ದರೆ ಕಲ್ಲಿದ್ದಲ ರಾಶಿಯಡಿ ಸೀಸದ ತೂಕ ಹಾಕಿ. ಆರು ಚಕ್ರವೂ ಬಿಗಿ ಫ್ರೇಮ್‌ನಲ್ಲಿದ್ದರೆ ನಡುವಿನ ಅಚ್ಚಿನ ತೂತನ್ನು ಮೇಲ್ಮುಖವಾಗಿ ಅರ್ಧ ಮಿ.ಮೀ. ಅರದಿಂದ ಉಜ್ಜಿ. ಇಲ್ಲದಿದ್ದರೆ ಉಬ್ಬು ಸಿಕ್ಕಲ್ಲಿ ಟೆಂಡರ್ ನಡುವಿನ ಜೋಡಿಯ ಮೇಲೇ ತೂಗಾಡುತ್ತದೆ.

ಇಲ್ಲಿಯವರೆಗೆ ಬರೀ ಹೊಗಳಿಕೆ. ಸಿಟ್ಟು ಬರಿಸುವುದು ಟೆಂಡರ್‌ನ ಕರೆಂಟನ್ನು ಇಂಜಿನ್‌ಗೆ ಒಯ್ಯುವ ಎರಡು ಎಳೆ ವೈರು. ಟೆಂಡರ್ ಕಳಚಲು ಬರಲಿ ಎಂದು 1.27 ಮಿ.ಮೀ. ಅಂತರದ ಪುಟ್ಟ ಎರಡು ಪಿನ್ ಪ್ಲಗ್ ಹಾಕುವುದು ರೂಢಿ. ಇದು ತಿರುಗಿಸಿದರೂ ಸಲೀಸಾಗಿ ಕೂರುತ್ತದೆ. ಹಾಗೆ ಕೂತರೆ ಇಂಜಿನ್‌ನ ಎಡಹಳಿ ಟೆಂಡರ್‌ನ ಬಲಹಳಿಗೆ ಸೇರಿ ನೇರ ಶಾರ್ಟ್. ಪ್ಲಗ್‌ಗೆ ಬಣ್ಣ ಬಳಿದರೂ ಸಂಜೆಯ ಬೆಳಕಿನಲ್ಲಿ ತಪ್ಪುತ್ತದೆ. ಮೂರು ಪಿನ್‌ನದು ತಂದು, ಒಂದು ತುದಿಯ ಪಿನ್ ಕತ್ತರಿಸಿ, ಸಾಕೆಟ್‌ನಲ್ಲಿ ಅದರ ತೂತು ಮುಚ್ಚಿಬಿಟ್ಟರೆ ತಿರುಗಾಮುರುಗಾ ಹೋಗಲಾರದು. ಹತ್ತಾರು ಸಲ ಎಳೆದ ಮೇಲೆ ಹಿಡಿತ ಸಡಿಲವಾಗುವುದಕ್ಕೆ ಮದ್ದಿಲ್ಲ, ಹೊಸದೇ ಹಾಕಬೇಕು. ಇನ್ನೊಂದು ತಾಪತ್ರಯ: ವೈರು ಸ್ವಲ್ಪ ಗಡುಸಾಗಿದ್ದರೂ ತಿರುವಿನಲ್ಲಿ ಟೆಂಡರ್‌ನ ಮುಂದಿನ ಚಕ್ರವನ್ನು ಎತ್ತಿ ಹಳಿ ತಪ್ಪಿಸುತ್ತದೆ. 10 ಮಿ.ಮೀ. ಸಡಿಲು ಬಿಟ್ಟು, ಇಂಜಿನ್‌ಗೆ ಟೆಂಡರನ್ನು ಜೋಡಿಸುವ ಸಲಾಕೆಯಾದ ಡ್ರಾಬಾರ್‌ನ ಎರಡು ಬದಿಗೆ ಒಂದೊಂದು ಎಳೆ ಹಾಯಿಸಿದರೆ ಇದು ನಿಲ್ಲುತ್ತದೆ. ಕೆಂಪು ಬಲಹಳಿಗೆ, ಕಪ್ಪು ಎಡಹಳಿಗೆ ಎಂಬ ಡಿಸಿಸಿ (ಹಳಿಯ ಮೂಲಕವೇ ಡಿಕೋಡರ್‌ಗೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಪದ್ಧತಿಯನ್ನು ಡಿಕೋಡರ್ ಇಲ್ಲದಿದ್ದರೂ ಪಾಲಿಸಿ.

ಇಷ್ಟೆಲ್ಲ ಯಾಕೆ, ಡಿಕೋಡರ್‌ಗೆ ಕರೆಂಟ್ ಕೂಡಿಡುವ ಕೆಪಾಸಿಟರ್ ಹಾಕಿದರಾಯಿತಲ್ಲ ಎನ್ನುವವರಿಗೆ: ಡಿಕೋಡರ್ ಇಲ್ಲದೆ ಬರೀ ಡಿಸಿ ಕರೆಂಟಿನಲ್ಲಿ ಓಡಿಸುವವರಿಗೆ ಆ ದಾರಿಯೇ ಇಲ್ಲ. ಡಿಸಿಸಿಯಲ್ಲಿ 25 ವೋಲ್ಟ್‌ನ 470 ಮೈಕ್ರೋಫ್ಯಾರಡ್ ಹಾಕಿದರೂ ಸಿಗುವುದು ಕ್ಷಣದ ಆಸರೆ. ಕೊಳೆಯ ಚಕ್ರ ಕೊಳೆಯಾಗಿಯೇ ಕಿಡಿ ಹಾರಿಸುತ್ತಿರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಸೌಂಡ್ ಇರುವ ಇಂಜಿನ್‌ಗೆ ಹಾಕಿ, ಆದರೆ ಪಿಕಪ್ ಸರಿಮಾಡಿದ ಮೇಲೆ.

ನಿರ್ವಹಣೆ ತಿಂಗಳಿಗೊಮ್ಮೆ ಹತ್ತು ನಿಮಿಷ. ಟೆಂಡರನ್ನು ಹಳೇ ಬನಿಯನ್ ಬಟ್ಟೆಯ ಮೇಲೆ ಬೋರಲು ಮಲಗಿಸಿ, ಅಚ್ಚುಗಳಿಗೆ ಸುತ್ತಿದ ಕೂದಲು, ನೂಲೆಳೆಗಳನ್ನು ಚಿಮಟದಲ್ಲಿ ಒಂದೊಂದಾಗಿ ಬಿಡಿಸುವುದು. ಆಮೇಲೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಹತ್ತಿಕಡ್ಡಿ ಅದ್ದಿ ಚಕ್ರದ ಮೈಗೆ ಒತ್ತಿ, ಬೆರಳಿನಿಂದ ಚಕ್ರ ತಿರುಗಿಸುತ್ತಾ ಹೋದರೆ ಹತ್ತಿ ಕಪ್ಪಾಗುತ್ತದೆ, ಎರಡನೆಯ ಕಡ್ಡಿ ಬೂದಿ, ಮೂರನೆಯದು ಬಿಳಿ. ಮರಳುಕಾಗದ ತಾಗಿಸಬೇಡಿ, ಗೀರಿದಲ್ಲೆಲ್ಲ ಮತ್ತೆ ಕೊಳೆ ಕೂರುತ್ತದೆ. ಅಚ್ಚಿನ ತುದಿಗೆ ಸೂಜಿಮೊನೆಯಷ್ಟೇ ಎಣ್ಣೆ. ಹೆಚ್ಚಾದ ಎಣ್ಣೆ ಚಕ್ರದ ಬೆನ್ನಿಗೆ ಹರಿದು ತಂತಿಗೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಪ್ರತಿ ಚಕ್ರಕ್ಕೂ ಮಲ್ಟಿಮೀಟರ್ ಹಿಡಿಯುವುದು. ಒಂದೆರಡು ಓಮ್‌ಗಿಂತ ಹೆಚ್ಚು ತೋರಿಸಿದರೆ ಆ ತಂತಿಯನ್ನು ಕೂದಲೆಳೆಯಷ್ಟು ಬಾಗಿಸಬೇಕು. ಎರಡು ವರ್ಷದಲ್ಲಿ ಆರು ತಂತಿಗಳಲ್ಲಿ ಒಂದೂ ಮುರಿದಿಲ್ಲ. ಪ್ಲಗ್ ಮಾತ್ರ ಈಗಿರುವುದು ಮೂರನೆಯದು.