ಬೀಗರ ಬಚ್ಚಲಿಗೆ ಹುಬ್ಬಳ್ಳಿಯ ಟೈಲ್ಸ್

ಧಾರವಾಡದ ನಮ್ಮ ಮನೆಯಲ್ಲಿ ಪಡಸಾಲೆಗೆ ಹತ್ತಿಕೊಂಡಿರುವ, ಬಂದವರಷ್ಟೇ ಬಳಸುವ ಬಚ್ಚಲು ನಾಲ್ಕಡಿ ಅಗಲ, ಆರಡಿ ಉದ್ದದ್ದು. ಮಗಳ ನಿಶ್ಚಯಕ್ಕೆ ಬೀಗರು ಬರುವ ಮೊದಲು ಅದಕ್ಕೊಂದು ಅಂದ ತರಬೇಕೆಂದು ಹುಬ್ಬಳ್ಳಿಯ ದೊಡ್ಡದೊಂದು ಟೈಲ್ಸ್ ಮಳಿಗೆಗೆ ಹೋಗಿದ್ದೆವು. ಗೋಡೆಯ ಮಟ್ಟಿಗೆ ಆ ಅಂಗಡಿಯನ್ನು ನಂಬಬಹುದು, ನೆಲದ ಮಟ್ಟಿಗೆ ನಿಮ್ಮ ಗೌಂಡಿಯ ಮಾತನ್ನೇ ಕೇಳುವುದು ಒಳಿತು.

ಮೂರು ಗೋಡೆಗೆ ಸಾದಾ ಹಾಲುಬಿಳುಪು, ವಾಶ್‌ಬೇಸಿನ್ ಹಿಂದಿನ ಒಂದು ಗೋಡೆಗೆ ಮಾತ್ರ ಇಳಕಲ್ ಸೀರೆಯ ಸೆರಗಿನಂಥ ಕಡುಗೆಂಪು ಎಂದು ಆರಿಸಿಕೊಂಡೆವು. ಒಳಗಿನ ಹಳದಿ ದೀಪದಲ್ಲಿ ಬಣ್ಣ ಮೋಸ ಮಾಡುತ್ತದೆಂದು ಅಂಗಡಿಯ ಹುಡುಗ ತಾನಾಗಿಯೇ ಟೈಲ್ಸನ್ನು ಬಾಗಿಲಿನ ಬಿಸಿಲಿಗೆ ತಂದು ತೋರಿಸಿದ್ದು ಮೆಚ್ಚಬೇಕಾದ ಸಂಗತಿ. ಏಳಡಿ ಎತ್ತರದ ಆ ಗೋಡೆ 28 ಚದರಡಿ ಆಗುವುದರಿಂದ 12x18 ಇಂಚಿನವು 19 ಬೇಕು, ಒಡೆಯುವುದಕ್ಕೆ ಎರಡು ಹೆಚ್ಚಿಗೆ ಇರಲಿ ಎಂದು ಲೆಕ್ಕವನ್ನೂ ಬರೆದುಕೊಟ್ಟರು.

ನೆಲಕ್ಕೆ ಮಾತ್ರ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸಿ, 2x4 ಅಡಿಯ ಹೊಳೆಯುವ ಟೈಲ್ಸನ್ನೇ ಒಪ್ಪಿಸಿದರು. ನಮ್ಮ ಗೌಂಡಿ ಅವನ್ನು ಹಾಸುವ ಮೊದಲು ಒಂದನ್ನು ಒಣನೆಲದ ಮೇಲಿಟ್ಟು, ತಂಬಿಗೆಯ ನೀರು ಸುರುವಿದ, ಅಲ್ಲೇ ನಿಂತಿತು. “ಅಕ್ಕಾರ, ಇಷ್ಟ ದೊಡ್ಡದಕ್ಕ ನಾಕೂ ಕಡೆ ವಾಟ ಕೊಡಾಕ ಬರೂದಿಲ್ರಿ” ಎಂದ. ಆರಡಿಗೆ ಸುಮಾರು ಮುಕ್ಕಾಲು ಇಂಚು ಇಳಿಜಾರು ಬೇಕು, ಅದು ಮೂಲೆಯ ಜಾಲರಿಯ ಕಡೆಗೆ ತಿರುಗಬೇಕಾದರೆ ಚಿಕ್ಕ ಟೈಲ್ಸೇ ಆಗಬೇಕು. ಮೇಲಾಗಿ ವಯಸ್ಸಾದವರು ಜಾರದಂತೆ ಮೈ ಒರಟಾಗಿರಬೇಕು. ಮುಚ್ಚಿದ ಪೆಟ್ಟಿಗೆಗಳನ್ನು ಅಂಗಡಿಯವರು ಹಣ ಮುರಿದುಕೊಂಡು ಮರಳಿ ಪಡೆದರು, ಬಿಚ್ಚಿದ್ದನ್ನು ಮುಟ್ಟಲಿಲ್ಲ. ಅದರ ಟೈಲ್ಸ್ ಇಂದಿಗೂ ಹಿತ್ತಲ ಗೋಡೆಗೆ ಒರಗಿ ನಿಂತಿವೆ.

ಕಪ್ಪು ನಳಗಳು ಕಣ್ಣಿಗೆ ಚೆಂದ. ಆದರೆ ನಮ್ಮ ಓಣಿಗೆ ಮಲಪ್ರಭೆಯ ನೀರು ದಿನವೂ ಬಾರದಿರುವಾಗ ಬೋರ್‌ವೆಲ್ಲಿನ ಗಡಸು ನೀರೇ ಗತಿ, ಅದರ ಸುಣ್ಣದ ಕಲೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಆದ್ದರಿಂದ ಸಾದಾ ಕ್ರೋಮ್ ನಳವನ್ನೇ ತಂದೆವು.

ಕೊನೆಯಲ್ಲಿ ಕಸೂತಿಯಂತೆ ಅಚ್ಚು ಹಾಕಿದ ಹೈಲೈಟರ್ ಟೈಲ್ಸನ್ನೂ ಮುಂದಿಟ್ಟರು. ದೂರದಿಂದ ಸೊಗಸಾಗಿದ್ದರೂ, ಹತ್ತಿರ ಹೋದರೆ ಗವಂತಿಯ ಗೆರೆ ಚುಕ್ಕಿಚುಕ್ಕಿಯಾಗಿ ಒಡೆದಿತ್ತು, ಎರಡೂ ಬದಿಗೆ ಒಂದೇ ಸಮ ಬೀಳುವ ಆ ಹೊಲಿಗೆ ಹಾಕಿ ಬಲ್ಲವರಿಗೆ ಅದು ಸಹಿಸುವಂಥದ್ದಲ್ಲ. ಅದನ್ನು ಬಿಟ್ಟು, ಮನೆಯಲ್ಲೇ ಹಾಕಿದ್ದ ಕಸೂತಿಯ ತುಂಡಿಗೆ ಗಾಜಿನ ಚೌಕಟ್ಟು ಹಾಕಿಸಿ, ನೀರು ಸಿಡಿಯದ ಬಾಗಿಲ ಮೇಲೆ ತೂಗುಹಾಕಿದೆವು. ಮೊದಲು ತೆಗೆದಿರಿಸಿದ್ದು ಗೋಪುರದ ಚಿತ್ತಾರ. ಬಚ್ಚಲಲ್ಲಿ ಗೋಪುರವೇ ಎಂದು ಅತ್ತೆಯವರು ಗದರಿದ ಮೇಲೆ ಅಲ್ಲಿಗೆ ನವಿಲು ಬಂದಿದೆ.