ಜೋಡಿ ಸೀಟಿನ ಸ್ಟ್ರಾಲರ್: ಮೈಸೂರಿನ ರಸ್ತೆಗಳಲ್ಲಿ 22 ತಿಂಗಳು ತಳ್ಳಿದ ಮೇಲೆ

ಮಗಳಿಗೆ ಎರಡು ವರ್ಷ ಎರಡು ತಿಂಗಳಾಗಿದ್ದಾಗ ಮಗ ಹುಟ್ಟಿದ. ಅರ್ಧ ಕಿಲೋಮೀಟರ್ ನಡೆಯುವಷ್ಟರಲ್ಲಿ ‘ಎತ್ಕೋ’ ಎಂದು ಕೈಚಾಚುವ ಮಗು ಒಂದಾದರೆ, ಕುತ್ತಿಗೆ ನಿಲ್ಲದ ಮಗು ಇನ್ನೊಂದು. ಹೀಗಾಗಿ ಜೋಡಿ ಸೀಟಿನ ಸ್ಟ್ರಾಲರ್ ಬೇಕೆಂಬುದರಲ್ಲಿ ನಮಗೆ ಅನುಮಾನವಿರಲಿಲ್ಲ. ಯಾವ ಬಗೆಯದು ಎಂಬುದಷ್ಟೇ ಪ್ರಶ್ನೆಯಾಗಿತ್ತು. ಸೀಟುಗಳು ಒಂದರ ಹಿಂದೆ ಒಂದಿರುವ ಉದ್ದನೆಯ ಗಾಡಿಯನ್ನೂ, ಅಕ್ಕಪಕ್ಕದಲ್ಲಿರುವ ಅಗಲದ ಗಾಡಿಯನ್ನೂ ನೋಡಿ, ಕೊನೆಗೆ ಅಗಲದ್ದನ್ನು 13,500 ರೂಪಾಯಿಗೆ ಕೊಂಡೆವು. ಮುಂದೆ ಕೆಲವು ದೂರುಗಳೂ ಬರುವುದರಿಂದ ಕಂಪನಿಯ ಹೆಸರನ್ನು ಬಿಟ್ಟಿದ್ದೇನೆ.

ಅಂಗಡಿಯಲ್ಲಿ ಎಲ್ಲರೂ ಬಟ್ಟೆಯ ಬಣ್ಣವನ್ನೂ ಬಾಟಲಿ ಇಡುವ ಬಳೆಯನ್ನೂ ತೋರಿಸುತ್ತಾರೆ. ನಿಜವಾಗಿ ತೀರ್ಮಾನಿಸುವುದು ಅಗಲ. ನಮ್ಮ ಗಾಡಿ 76 ಸೆಂ.ಮೀ. ಇದೆ. ಕುವೆಂಪುನಗರದ ನಮ್ಮ ಬಾಡಿಗೆ ಮನೆಯ ಮುಂಬಾಗಿಲಿಗೆ ಯಾವ ತೊಂದರೆಯೂ ಇಲ್ಲ. ಆದರೆ ಮೂರು ಅಡಿಯದೆಂದು ನಾವು ನಂಬಿಕೊಂಡಿದ್ದ ಕೋಣೆಯ ಬಾಗಿಲಿಗೆ ಟೇಪು ಹಿಡಿದಾಗ, ಚೌಕಟ್ಟಿನ ಮರ ಕಳೆದು ಉಳಿದದ್ದು 79 ಸೆಂ.ಮೀ. ಮಾತ್ರ. ಮೂರು ಸೆಂಟಿಮೀಟರಿನಲ್ಲಿ ಗಾಡಿಯೇನೋ ಹೋಗುತ್ತದೆ, ತಳ್ಳುವವರ ಬೆರಳಿನ ಗೆಣ್ಣು ಮಾತ್ರ ತರಚುತ್ತದೆ. ಗಾಡಿಯನ್ನು ಹಾಲಿನಲ್ಲೇ ನಿಲ್ಲಿಸುವ ಪದ್ಧತಿ ಹೀಗೆ ಬಂತು. ಬೆಳಗಿನ ರಂಗೋಲಿಯ ಮೇಲೆ ನಾಲ್ಕು ಗಾಲಿಗಳ ಗೆರೆ ಬೀಳುವುದರ ಬಗ್ಗೆ ನಮ್ಮ ಅತ್ತೆಯವರ ಆಕ್ಷೇಪಣೆ ಇಂದಿಗೂ ಇತ್ಯರ್ಥವಾಗಿಲ್ಲ.

ಅಗಲದ ತೊಂದರೆ ಇಷ್ಟಿದ್ದರೂ ಉದ್ದನೆಯ ಗಾಡಿಯನ್ನು ಬಿಟ್ಟದ್ದಕ್ಕೆ ಕಾರಣವಿದೆ. ನಮ್ಮ ಬೀದಿಗಳಲ್ಲಿ ಪ್ರತಿ ನೂರು ಹೆಜ್ಜೆಗೆ ಒಂದು ಹಂಪ್, ಇಲ್ಲವೇ ಚರಂಡಿಯ ಮೇಲೆ ಎದ್ದ ಚಪ್ಪಡಿ ಸಿಗುತ್ತದೆ. ಅಂಥಲ್ಲಿ ಹಿಡಿಯನ್ನು ಕೆಳಕ್ಕೆ ಅದುಮಿ ಮುಂದಿನ ಗಾಲಿಗಳನ್ನು ಎತ್ತಬೇಕು. ಉದ್ದನೆಯದರಲ್ಲಿ ಮುಂದೆ ಕೂತ ಮಗುವಿನ ಭಾರ ಮುಂದಿನ ಗಾಲಿಗಳ ಮೇಲೆಯೇ ಇರುವುದರಿಂದ ಅದುಮಲು ರಟ್ಟೆಬಲವೇ ಬೇಕಾಗುತ್ತದೆ. ಅಕ್ಕಪಕ್ಕದ ಸೀಟಿನದರಲ್ಲಿ ಎರಡೂ ಮಕ್ಕಳು ಹಿಂದಿನ ಗಾಲಿಗೆ ಹತ್ತಿರವಿರುವುದರಿಂದ ಅದು ಸುಲಭವಾಗಿ ಏಳುತ್ತದೆ. ಅಲ್ಲದೆ ಹಿಂದೆ ಕೂತ ಮಗುವಿಗೆ ಮುಂದಿನ ಸೀಟಿನ ಬೆನ್ನಲ್ಲದೆ ಬೇರೇನೂ ಕಾಣದು.

ಅಕ್ಕಪಕ್ಕದ ಸೀಟಿಗೂ ಅದರದೇ ಒಂದು ದೋಷವಿದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ಕೊಂಡಾಗ ಮಗಳು 13 ಕೆ.ಜಿ., ಮಗ ಏಳೂವರೆ. ಗಾಡಿ ಭಾರದ ಕಡೆಗೆ ಎಳೆಯುತ್ತದೆ. ಮೊದಲ ವಾರ ನನ್ನ ಮಣಿಕಟ್ಟು ನೋವಿಗೆ ಇದೇ ಕಾರಣವೆಂದು ತಿಳಿದದ್ದು ತಡವಾಗಿ. ಫುಟ್‌ಪಾತ್ ಇಲ್ಲದ ಕಡೆ ನಾವು ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯುತ್ತೇವೆ. ಮಳೆ ನೀರು ಹರಿದುಹೋಗಲೆಂದು ರಸ್ತೆಯ ನಡು ಉಬ್ಬಿ, ಅಂಚು ಚರಂಡಿಯತ್ತ ಇಳಿದಿರುತ್ತದೆ. ಮಗಳನ್ನು ಬಲ ಸೀಟಿನಲ್ಲಿ ಕೂರಿಸಿದಾಗ ಇಳಿಜಾರು ಮತ್ತು ಭಾರ ಎರಡೂ ಒಂದೇ ಕಡೆಗೆ ಎಳೆಯುತ್ತಿದ್ದವು. ಅವಳನ್ನು ಎಡಕ್ಕೆ ಬದಲಾಯಿಸಿದ ದಿನದಿಂದ ಗಾಡಿ ಬಹುಮಟ್ಟಿಗೆ ನೇರವಾಗಿ ಓಡಿತು.

ಮಗನಿಗೆ ಆರು ತಿಂಗಳು ತುಂಬುವವರೆಗೆ ಕೊಳ್ಳದೆ ಕಾದದ್ದು ಒಳ್ಳೆಯದಾಯಿತು. ಈ ಮಾದರಿಯ ಸೀಟು ಪೂರ್ತಿ ಚಪ್ಪಟೆಯಾಗಿ ಮಲಗುವುದಿಲ್ಲ. ಕುತ್ತಿಗೆ ಗಟ್ಟಿಯಾಗದ ಕೂಸಿಗೆ ಚಪ್ಪಟೆಯ ಹಾಸೇ ಬೇಕು. ಐದು ಕಡೆಯಿಂದ ಬಂದು ಸೇರುವ ಬೆಲ್ಟ್ ಇರಲೇಬೇಕು. ಯುರೋಪಿನ ಇಎನ್ 1888 ಮಾನದಂಡದ ಗುರುತಿದೆಯೇ ಎಂದೂ ನಾವು ನೋಡಿಕೊಂಡೆವು. ಬ್ರೇಕು, ಗಾಡಿ ಮಗುಚದಿರುವುದು, ಬೆರಳು ಸಿಕ್ಕಿಕೊಳ್ಳುವ ಸಂದುಗಳು ಇವೆಲ್ಲ ಅದರ ಪರೀಕ್ಷೆಯಲ್ಲಿ ಬರುತ್ತವೆ.

ಬೆಲ್ಟಿನ ಬೆಲೆ ತಿಳಿದದ್ದು ನನ್ನದೇ ತಪ್ಪಿನಿಂದ. ಹಿಡಿಗೆ ಚೀಲ ನೇತುಹಾಕಬಾರದೆಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಒಂದು ಸಂಜೆ ತರಕಾರಿಯ ಎರಡು ಚೀಲಗಳನ್ನು ಹಾಗೆ ನೇತುಹಾಕಿಕೊಂಡು ಬಂದೆ. ಗೇಟಿನ ಬಳಿ ಮಗಳನ್ನು ಇಳಿಸಿ, ಚಿಲಕ ತೆಗೆಯಲು ಹಿಡಿ ಬಿಟ್ಟ ಕ್ಷಣಕ್ಕೆ ಗಾಡಿ ಮಗನ ಸಮೇತ ಹಿಂದಕ್ಕೆ ಮಗುಚಿತು. ಟೊಮೆಟೊ ಚೀಲದ ಮೇಲೆ ಬಿದ್ದು ಅದು ನಿಂತಿತು. ಬೆಲ್ಟ್ ಹಾಕಿದ್ದರಿಂದ ಅವನು ಆಕಾಶ ನೋಡುತ್ತಾ ಕೂತಲ್ಲೇ ಇದ್ದ. ಅಂದಿನಿಂದ ಚೀಲ ಸೀಟಿನ ಕೆಳಗಿನ ಬುಟ್ಟಿಗೆ, ಹಿಡಿಸದಿದ್ದರೆ ನನ್ನ ಹೆಗಲಿಗೆ.

ಎಲ್ಲೆಲ್ಲಿ ಓಡುತ್ತದೆ ಎಂಬುದಕ್ಕೆ ಬರುತ್ತೇನೆ. ಮೃಗಾಲಯದ ಒಳದಾರಿಗಳಲ್ಲಿ ಇದಕ್ಕಿಂತ ಅನುಕೂಲದ ವಸ್ತು ಇಲ್ಲ. ಮಂಗಳವಾರ ರಜೆ, ಭಾನುವಾರ ಜನಜಂಗುಳಿ, ಹಾಗಾಗಿ ನಡುವಿನ ದಿನಗಳ ಬೆಳಗ್ಗೆ ಹೋಗುವುದು ಲೇಸು. ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿಯಲ್ಲಿ ಚಿಕ್ಕ ಗಟ್ಟಿ ಗಾಲಿಗಳು ಮಕ್ಕಳನ್ನು ಕುಲುಕುತ್ತವೆ, ಮಳೆ ಬಂದ ಮರುದಿನವಂತೂ ಹೋಗಲೇಬಾರದು. ದೇವರಾಜ ಮಾರುಕಟ್ಟೆಯ ಓಣಿಗಳಿಗೂ ದಸರಾ ದೀಪಾಲಂಕಾರದ ಸಂಜೆಗಳಿಗೂ ಇದು ಹೇಳಿಸಿದ್ದಲ್ಲ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ದನ ನುಗ್ಗದಂತೆ ಅಂಕುಡೊಂಕಾಗಿ ಬೆಸೆದ ಕಂಬಿಗಳ ಚಿಕ್ಕ ಗೇಟಿದೆ. ಅದು ದನವನ್ನು ತಡೆದಂತೆಯೇ ನಮ್ಮನ್ನೂ ತಡೆಯಿತು. ಕಾವಲುಗಾರರು ದೊಡ್ಡ ಗೇಟು ತೆಗೆದುಕೊಡುವ ಅಭ್ಯಾಸವಾಗುವವರೆಗೆ ಇಬ್ಬರನ್ನೂ ಇಳಿಸಿ, ಮಡಚಿ, ಎತ್ತಿ ಒಯ್ಯುತ್ತಿದ್ದೆವು. ಬಿಸಿಲಿಗೆ ಬಟ್ಟೆ ಹೊದಿಸುವುದನ್ನು ಅನೇಕರು ಮಾಡುತ್ತಾರೆ. ಒಳಗೆ ಗಾಳಿಯಾಡದೆ ಕಾವು ಏರುವುದರಿಂದ ಅದು ಬೇಡ, ಮೇಲಿನ ಕೊಡೆ ಸಾಕು.

ಮಡಚಿದರೂ ಇದರ ಅಗಲ ಕಡಿಮೆಯಾಗುವುದಿಲ್ಲ. ನಮ್ಮ ಕಾರಿನ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿದೆ, ಆದ್ದರಿಂದ ಗಾಡಿಯನ್ನು ಮುಂದಿನ ಸೀಟಿನಲ್ಲಿ ನಿಲ್ಲಿಸಿ ಒಯ್ಯುತ್ತೇವೆ. ಆಟೋದಲ್ಲಿ ಒಮ್ಮೆ ಪ್ರಯತ್ನಿಸಿ ಕೈಬಿಟ್ಟೆವು.

ಹನ್ನೊಂದನೆಯ ತಿಂಗಳಲ್ಲಿ ಮುಂದಿನ ಗಾಲಿಯೊಂದು ಅಲುಗಾಡತೊಡಗಿತು. ಕಂಪನಿಗೆ ಬರೆದು ಐದು ವಾರ ಕಾದರೂ ಬಿಡಿಭಾಗ ಬರಲಿಲ್ಲ. ಬೀದಿಯ ಕೊನೆಯ ಸೈಕಲ್ ಶಾಪಿನವರು ಎರಡು ವಾಷರ್ ಸೇರಿಸಿ ಬಿಗಿದುಕೊಟ್ಟರು, ನಲವತ್ತು ರೂಪಾಯಿ. ಬಟ್ಟೆಯ ಹೊಲಿಗೆ ಮಾತ್ರ ಎಲ್ಲಿಯೂ ಬಿಟ್ಟಿಲ್ಲ.

ಪ್ರತಿ ಸೀಟಿಗೆ 15 ಕೆ.ಜಿ. ಮಿತಿ. ಮಗಳು ನಾಲ್ಕು ತುಂಬುವ ಹೊತ್ತಿಗೆ ಅದನ್ನು ದಾಟಿದಳು. ಅಂದರೆ ಜೋಡಿ ಗಾಡಿ ಜೋಡಿಯಾಗಿ ದುಡಿದದ್ದು ಹದಿನಾರು ತಿಂಗಳು ಮಾತ್ರ. ಮಕ್ಕಳ ನಡುವೆ ಮೂರು ವರ್ಷಕ್ಕಿಂತ ಹೆಚ್ಚು ಅಂತರವಿರುವವರು ಒಂಟಿ ಗಾಡಿಗೆ ಹಿಂದೆ ನಿಂತು ಹೋಗುವ ಹಲಗೆ ಜೋಡಿಸಿಕೊಳ್ಳುವುದೇ ಮೇಲು. ಅವಳಿಗಳಿರುವವರಿಗೆ ಭಾರವೂ ಸಮನಾಗುವುದರಿಂದ ಇಂಥದ್ದು ಚೆನ್ನಾಗಿ ಒಪ್ಪುತ್ತದೆ.

ಮಂಡ್ಯದಲ್ಲಿರುವ ನನ್ನ ನಾದಿನಿಗೆ ಅವಳಿ ಮಕ್ಕಳು. ಗಾಡಿಯನ್ನು ತೊಳೆದು, ಗಾಲಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಕಳುಹಿಸಲು ಸಿದ್ಧಮಾಡಿದ್ದೆ. ಅವರದು ಹಳೆಯ ಮನೆ; ಮುಂಬಾಗಿಲು 73 ಸೆಂ.ಮೀ. ಎಂದು ನಿನ್ನೆ ಅಳೆದು ಹೇಳಿದರು. ಗಾಡಿ ಇನ್ನೂ ನಮ್ಮ ಹಾಲಿನಲ್ಲಿದೆ.